ಎರಡು ಟನ್ ಗೋಡೆ, ಒಂದೇ ಕಿಟಕಿ

ಬಿರುಗಾಳಿಗೆ ಊರೇ ಕಿತ್ತುಹೋಗುತ್ತಿದೆ. ಎರಡಂತಸ್ತಿನ ಮರದ ಮನೆಯೊಂದಕ್ಕೆ ಬೆನ್ನು ಮಾಡಿ, ಕುಳ್ಳನೆಯ ಮನುಷ್ಯನೊಬ್ಬ ಕತ್ತು ನೀವಿಕೊಳ್ಳುತ್ತ ನಿಂತಿದ್ದಾನೆ. ಹಿಂದಿನ ಗೋಡೆ ಬಿಟ್ಟುಕೊಳ್ಳುತ್ತಿರುವುದು ನಮಗೆ ಕಾಣುತ್ತದೆ, ಅವನಿಗೆ ಕಾಣುವುದಿಲ್ಲ. ನೋಡನೋಡುತ್ತ ಇಡೀ ಮುಂಗೋಡೆ ಬಾಗಿಲು ಕಿಟಕಿ ಸಮೇತ, ಕಾವಲಿಯ ಮೇಲೆ ರೊಟ್ಟಿ ಮಗುಚಿದಂತೆ, ಅವನ ಮೇಲೆ ಮಗುಚಿಕೊಳ್ಳುತ್ತದೆ. ಧೂಳೇಳುತ್ತದೆ. ಆಸಾಮಿ ನಿಂತಲ್ಲೇ ಇದ್ದಾನೆ. ಮೇಲಿನ ತೆರೆದ ಕಿಟಕಿ ಸರಿಯಾಗಿ ಅವನಿದ್ದ ಜಾಗಕ್ಕೇ ಬಂದು ಇಳಿದಿದೆ. ಒಂದು ಗಳಿಗೆ ಬಿಟ್ಟು ಅವನಿಗೆ ವಿಷಯ ತಿಳಿಯುತ್ತದೆ. ಓಟ ಕೀಳುತ್ತಾನೆ.

'ಸ್ಟೀಮ್‌ಬೋಟ್ ಬಿಲ್ ಜೂನಿಯರ್' ಚಿತ್ರದ ಈ ದೃಶ್ಯ ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿದುಹೋಗುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ, ನದಿಯ ದಂಡೆಗೆ ಒಂದು ಊರನ್ನೇ ಕಟ್ಟಿ 1927ರಲ್ಲಿ ಇದನ್ನು ಚಿತ್ರಿಸಿದರು. ಕ್ಯಾಮೆರಾದ ಕೈಚಳಕ ಇದರಲ್ಲಿ ಏನೂ ಇಲ್ಲ. ರಟ್ಟಿನ ಗೋಡೆಯೂ ಅಲ್ಲ. ರಟ್ಟಿನದಾಗಿದ್ದರೆ ಗಾಳಿ ಯಂತ್ರಗಳ ಹೊಡೆತಕ್ಕೆ ಬೀಳುತ್ತ ಬೀಳುತ್ತ ತಿರುಚಿಕೊಳ್ಳುತ್ತಿತ್ತು, ಕಿಟಕಿ ಆಚೀಚೆ ಸರಿಯುತ್ತಿತ್ತು. ನೇರವಾಗಿ ಬೀಳಬೇಕಾದರೆ ಭಾರ ಬೇಕು. ಹಾಗಾಗಿ ಎರಡು ಟನ್ ತೂಗುವ ಗೋಡೆ ಕಟ್ಟಿ, ಬುಡಕ್ಕೆ ಕೀಲು ಕೂರಿಸಿದರು. ತಲೆಗೂ ಕಿಟಕಿಯ ಚೌಕಟ್ಟಿಗೂ ನಡುವೆ ಉಳಿದದ್ದು ಕೆಲವೇ ಅಂಗುಲ. ಕ್ಯಾಮೆರಾ ತಿರುಗಿಸುತ್ತಿದ್ದವರಲ್ಲೇ ಕೆಲವರು ಮುಖ ಬೇರೆ ಕಡೆ ಮಾಡಿಕೊಂಡಿದ್ದರಂತೆ.

ನಿಂತಿದ್ದವನು ಬಸ್ಟರ್ ಕೀಟನ್. ಆಗ ವಯಸ್ಸು ಮೂವತ್ತೆರಡರ ಆಸುಪಾಸು. ಎತ್ತರ ಐದಡಿ ಐದಂಗುಲ.

ಚಾಪ್ಲಿನ್ ನಮಗೆ ಮನೆಯವನೇ ಆಗಿಹೋಗಿದ್ದಾನೆ. ಅವನ ಮೀಸೆ, ಕೋಲು, ಜೋಲು ಷರಾಯಿ ಕಂಡರೆ ಮಕ್ಕಳೂ ಗುರುತು ಹಿಡಿಯುತ್ತಾರೆ. ಕೀಟನ್‌ಗೆ ಆ ಯೋಗ ಬರಲಿಲ್ಲ. ಅವನ ಬಗ್ಗೆ ಅಲ್ಪಸ್ವಲ್ಪ ಕೇಳಿದವರ ಬಳಿಯೂ ಒಂದು ಸಿದ್ಧ ಕಥೆ ಇರುತ್ತದೆ: ಮೂಕಿ ಕಾಲದ ಮಹಾನಟ, ಟಾಕಿ ಬಂತು, ಮಾತು ಒಗ್ಗಲಿಲ್ಲ, ಕುಡಿದು ಹಾಳಾದ. ನಾನೂ ಬಹಳ ವರ್ಷ ಹಾಗೇ ನಂಬಿಕೊಂಡಿದ್ದೆ. ಈ ಕಥೆಯಲ್ಲಿ ಕುಡಿತ ನಿಜ, ಹಾಳಾದದ್ದೂ ನಿಜ. ಮಾತಿನ ಮೇಲೆ ಹೊರಿಸಿದ ಆರೋಪ ಮಾತ್ರ ಸುಳ್ಳು. ಕೀಟನ್ ಹೊಡೆತ ತಿಂದದ್ದು ಮೈಕಿನ ಮುಂದೆ ಅಲ್ಲ, ಒಂದು ಕರಾರು ಪತ್ರದ ಮುಂದೆ.

ಅದನ್ನು ಹೇಳುವ ಮೊದಲು ಆತ ಬೀಳುವುದನ್ನು ಎಲ್ಲಿ ಕಲಿತ ಎಂಬುದನ್ನು ಹೇಳಬೇಕು.

1895ರ ಅಕ್ಟೋಬರ್ 4ರಂದು ಕಾನ್ಸಾಸ್ ರಾಜ್ಯದ ಪಿಕ್ವಾ ಎಂಬ ಹಳ್ಳಿಯಲ್ಲಿ ಹುಟ್ಟಿದ. ಆ ಊರಿಗೂ ಕೀಟನ್ ಮನೆತನಕ್ಕೂ ಯಾವ ನಂಟೂ ಇರಲಿಲ್ಲ. ಅಪ್ಪ ಜೋ, ಅಮ್ಮ ಮೈರಾ ಊರೂರು ಸುತ್ತಿ ಆಟ ಆಡಿ ಔಷಧಿ ಮಾರುವ ಮೇಳದಲ್ಲಿದ್ದರು. ಹೆರಿಗೆ ನೋವು ಕಾಣಿಸಿಕೊಂಡಾಗ ಮೇಳ ಆ ಊರಲ್ಲಿತ್ತು, ಅಷ್ಟೆ. ಮಗುವಿಗೆ ಇಟ್ಟ ಹೆಸರು ಜೋಸೆಫ್ ಫ್ರಾಂಕ್. ಕೂಸು ಒಂದು ದಿನ ಮೆಟ್ಟಿಲ ಮೇಲಿಂದ ಉರುಳಿ, ಏನೂ ಆಗದೆ ಎದ್ದು ಕೂತಿತಂತೆ. ಅದನ್ನು ಕಂಡ ಮೇಳದವನೊಬ್ಬ 'ಬಸ್ಟರ್' ಎಂದನಂತೆ. ಜೋರಾಗಿ ಬೀಳುವುದಕ್ಕೆ ಆಗಿನ ಆಟದವರ ಮಾತು ಅದು. ಹಾಗೆ ಕರೆದವನು ಮಾಯಾವಿ ಹುಡಿನಿ ಎಂದು ಮನೆಯವರು ಮುಂದೆ ಹೇಳಿಕೊಂಡು ಬಂದರು. ಹುಡಿನಿ ಆ ಮೇಳದ ಗೆಳೆಯನೇನೋ ಹೌದು. ಆದರೆ ಆಟದ ಮಂದಿ ಹೇಳುವ ಕಥೆಗಳಿಗೆ ಒಂದು ಚಿಟಿಕೆ ಉಪ್ಪು ಹೆಚ್ಚೇ ಬಿದ್ದಿರುತ್ತದೆ.

ಐದು ತುಂಬುವ ಹೊತ್ತಿಗೆ ಹುಡುಗ ರಂಗದ ಮೇಲಿದ್ದ. 'ದಿ ತ್ರೀ ಕೀಟನ್ಸ್' ಎಂಬ ಆ ಆಟದ ತಿರುಳು ಇಷ್ಟೇ: ಮಗ ಅಪ್ಪನಿಗೆ ಕೀಟಲೆ ಮಾಡುತ್ತಾನೆ, ಅಪ್ಪ ಮಗನನ್ನು ಎತ್ತಿ ಎಸೆಯುತ್ತಾನೆ. ಪರದೆಯ ಮೇಲೆ, ರಂಗದ ಪಕ್ಕಕ್ಕೆ, ಕೆಲವೊಮ್ಮೆ ವಾದ್ಯದವರ ಗುಂಡಿಗೆ. ಎತ್ತಲು ಅನುಕೂಲವಾಗಲಿ ಎಂದು ಹುಡುಗನ ಕೋಟಿನ ಬೆನ್ನಿಗೆ ಸೂಟ್‌ಕೇಸಿನ ಹಿಡಿ ಹೊಲಿದಿದ್ದರು. ಮಕ್ಕಳ ಮೇಲಿನ ಹಿಂಸೆ ತಡೆಯುವ ಸಂಘದವರು ನ್ಯೂಯಾರ್ಕಿನಲ್ಲಿ ಮತ್ತೆ ಮತ್ತೆ ದೂರು ಕೊಟ್ಟರು. ಅಧಿಕಾರಿಗಳು ಹುಡುಗನ ಬಟ್ಟೆ ಬಿಚ್ಚಿಸಿ ಮೈ ತಡವಿ ನೋಡಿದರೆ ಒಂದು ತರಚಿದ ಗಾಯವೂ ಸಿಗುತ್ತಿರಲಿಲ್ಲ. ಬೀಳುವಾಗ ಮೈ ಬಿಗಿ ಹಿಡಿಯಬಾರದು, ನೆಲ ಮುಟ್ಟುವ ಮುಂಚೆ ಕೈಯೋ ಕಾಲೋ ಒಂದಿಷ್ಟು ಭಾರ ಹೊತ್ತುಕೊಂಡಿರಬೇಕು. ಅಕ್ಷರ ಕಲಿಯುವ ವಯಸ್ಸಿನಲ್ಲಿ ಅವನು ಕಲಿತದ್ದು ಇದು. ಶಾಲೆಗೆ ಹೋದದ್ದು ಒಂದೇ ದಿನ ಎಂಬ ಮಾತಿದೆ.

ಇನ್ನೊಂದನ್ನೂ ಅಲ್ಲಿಯೇ ಕಲಿತ. ಬಿದ್ದೆದ್ದು ತಾನೇ ನಕ್ಕರೆ ಜನ ನಗುವುದಿಲ್ಲ. ಏನೂ ಆಗಿಲ್ಲವೆಂಬಂತೆ, ಸ್ವಲ್ಪ ಯೋಚನೆಗೆ ಬಿದ್ದವನಂತೆ ಮುಖ ಇಟ್ಟುಕೊಂಡರೆ ಸಭೆ ಬಿದ್ದು ಬಿದ್ದು ನಗುತ್ತದೆ. ಹುಡುಗನ ತುಟಿ ಎಲ್ಲಾದರೂ ಅರಳಿದರೆ ಅಪ್ಪ ರಂಗದ ಮೇಲೆಯೇ ಹಲ್ಲು ಕಚ್ಚಿ 'ಮುಖ, ಮುಖ' ಎಂದು ಪಿಸುಗುಡುತ್ತಿದ್ದನಂತೆ. ಮುಂದೆ ಜಗತ್ತೆಲ್ಲ 'ಕಲ್ಲುಮುಖ' ಎಂದು ಕರೆದದ್ದು ಇದನ್ನೇ. ಆದರೆ ಆ ಮುಖ ಕಲ್ಲೇ? ಗಮನಿಸಿ ನೋಡಿದರೆ ಕಣ್ಣು ಸುಮ್ಮನಿರುವುದೇ ಇಲ್ಲ. ಲೆಕ್ಕ ಹಾಕುತ್ತಿರುತ್ತದೆ: ಎಷ್ಟು ದೂರ, ಎಷ್ಟು ವೇಗ, ಯಾವ ಹಗ್ಗ ಯಾವುದಕ್ಕೆ ಕಟ್ಟಿದೆ. ಚಾಪ್ಲಿನ್ ನಮ್ಮ ಕಡೆ ನೋಡಿ ಮರುಕ ಕೇಳುತ್ತಾನೆ. ಕೀಟನ್‌ಗೆ ನಮ್ಮನ್ನು ನೋಡಲು ಪುರುಸೊತ್ತೇ ಇರುವುದಿಲ್ಲ.

ಅಪ್ಪನ ಕುಡಿತ ಮಿತಿ ಮೀರಿತು. ಕುಡಿದ ಕೈ ಎಸೆಯುವ ಲೆಕ್ಕ ತಪ್ಪುತ್ತದೆ. 1917ರಲ್ಲಿ ಆ ಆಟ ಮುರಿದುಬಿತ್ತು. ಇಪ್ಪತ್ತೊಂದರ ಬಸ್ಟರ್ ನ್ಯೂಯಾರ್ಕಿಗೆ ಬಂದ. ವಾರಕ್ಕೆ 250 ಡಾಲರಿನ ರಂಗದ ಕೆಲಸ ಕೈಯಲ್ಲಿತ್ತು. ಅಷ್ಟರಲ್ಲಿ ಹಾಸ್ಯನಟ ರಾಸ್ಕೊ ಆರ್ಬಕಲ್ ತನ್ನ ಚಿತ್ರೀಕರಣ ನೋಡಲು ಕರೆದ. 'ದಿ ಬುಚರ್ ಬಾಯ್' ತಯಾರಾಗುತ್ತಿತ್ತು. ಕೀಟನ್ ಹೋದ, ಮುಖಕ್ಕೆ ಹಿಟ್ಟಿನ ಚೀಲದ ಹೊಡೆತ ತಿಂದ, ಅಲ್ಲೇ ಉಳಿದ, ಅದೂ ವಾರಕ್ಕೆ 40 ಡಾಲರಿಗೆ. ಆ ಸಂಜೆ ಕ್ಯಾಮೆರಾವನ್ನು ಕಡ ಕೇಳಿ ತನ್ನ ಕೋಣೆಗೆ ಒಯ್ದು, ಬಿಚ್ಚಿ, ಒಂದೊಂದು ಬಿಡಿಭಾಗವನ್ನೂ ನೋಡಿ, ಬೆಳಗಾಗುವುದರೊಳಗೆ ಮತ್ತೆ ಜೋಡಿಸಿದ್ದೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಇದಕ್ಕೂ ಉಪ್ಪಿನ ಚಿಟಿಕೆ ಬಿದ್ದಿರಬಹುದು. ಆದರೆ ಅವನ ಚಿತ್ರಗಳನ್ನು ನೋಡಿದವರು ಇದನ್ನು ನಂಬದಿರುವುದು ಕಷ್ಟ.

ನಡುವೆ ಮೊದಲ ಮಹಾಯುದ್ಧಕ್ಕೆ ಕರೆ ಬಂತು. ಫ್ರಾನ್ಸಿನಲ್ಲಿ ಕಿವಿಯ ಸೋಂಕು ತಗುಲಿ ಕೇಳಿಸುವುದು ಅಷ್ಟಕ್ಕಷ್ಟೇ ಆಯಿತು. ಮರಳಿದ ಮೇಲೆ, 1920ರಲ್ಲಿ, ನಿರ್ಮಾಪಕ ಜೋಸೆಫ್ ಶೆಂಕ್ ಅವನಿಗೇ ಒಂದು ಸ್ಟುಡಿಯೊ ಕೊಡಿಸಿದ. ಹಿಂದೆ ಚಾಪ್ಲಿನ್ ದುಡಿದಿದ್ದ ಜಾಗವೇ ಅದು. ಅಲ್ಲಿಂದ ಎಂಟು ವರ್ಷ. ಹತ್ತೊಂಬತ್ತು ಕಿರುಚಿತ್ರ, ಹತ್ತು ದೊಡ್ಡ ಚಿತ್ರ. ಕೀಟನ್ ಎಂಬ ಹೆಸರು ಇವತ್ತಿಗೂ ಉಳಿದಿದ್ದರೆ ಈ ಎಂಟು ವರ್ಷದ ದುಡಿಮೆಯಿಂದ.

ಆ ಸ್ಟುಡಿಯೊದ ಕೆಲಸದ ಬಗೆಯೇ ಬೇರೆ. ಬರೆದಿಟ್ಟ ಚಿತ್ರಕಥೆ ಎಂಬುದಿರಲಿಲ್ಲ. ಕಥೆಗೆ ಒಂದು ಆರಂಭ ಬೇಕು, ಒಂದು ಕೊನೆ ಬೇಕು, ನಡುವಿನದು ತಾನಾಗಿ ಹುಟ್ಟುತ್ತದೆ ಎಂಬುದು ಅವನ ನಂಬಿಕೆ. ಹುಟ್ಟದಿದ್ದರೆ? ಎಲ್ಲರೂ ಹೊರಗೆ ಹೋಗಿ ಬೇಸ್‌ಬಾಲ್ ಆಡುವುದು. ಆಟದ ಮಧ್ಯೆ ಯಾರಿಗೋ ಏನೋ ಹೊಳೆಯುತ್ತದೆ, ಬ್ಯಾಟು ಎಸೆದು ಎಲ್ಲರೂ ಒಳಕ್ಕೆ ಓಡುತ್ತಾರೆ. ತಲೆಯ ಮೇಲಿನ ಚಪ್ಪಟೆ ಟೋಪಿಯೂ ಸ್ವಂತ ತಯಾರಿಕೆ. ಒಳ್ಳೆಯ ಸ್ಟೆಟ್ಸನ್ ಟೋಪಿ ತಂದು, ಎತ್ತರ ಕತ್ತರಿಸಿ, ಬಿಸಿನೀರಿನಲ್ಲಿ ಸಕ್ಕರೆ ಕದಡಿ ಅಂಚಿಗೆ ಸವರಿ ಒಣಗಿಸುತ್ತಿದ್ದ. ಗಂಜಿ ಹಾಕಿದ ಖಾದಿಯಂತೆ ಅಂಚು ಸೆಟೆದು ನಿಲ್ಲುತ್ತಿತ್ತು. ನೀರಿಗೆ ಬೀಳುವ ದೃಶ್ಯವಿದ್ದ ದಿನ ಎಷ್ಟು ಟೋಪಿ ಕರಗಿದವೋ.

'ದಿ ಪ್ಲೇ ಹೌಸ್' (1921) ನೋಡಿದವರಿಗೆ ಗೊತ್ತು, ಅದರಲ್ಲಿ ಒಂದೇ ಸಾಲಿನಲ್ಲಿ ಒಂಬತ್ತು ಮಂದಿ ಕೀಟನ್‌ಗಳು ಕೂತಿರುತ್ತಾರೆ. ಕಂಪ್ಯೂಟರ್ ಇಲ್ಲದ ಕಾಲ. ಮಸೂರದ ಮುಂದೆ ಕಿರಿದಾದ ಮುಚ್ಚಳಗಳ ಒಂದು ಪೆಟ್ಟಿಗೆ ಇಟ್ಟು, ಒಂದು ಮುಚ್ಚಳ ತೆರೆದು ಒಬ್ಬ ಕೀಟನ್‌ನನ್ನು ಚಿತ್ರಿಸಿ, ರೀಲನ್ನು ಹಿಂದಕ್ಕೆ ಸುತ್ತಿ, ಪಕ್ಕದ ಮುಚ್ಚಳ ತೆರೆದು ಇನ್ನೊಬ್ಬನನ್ನು ಚಿತ್ರಿಸುವುದು. ಹೀಗೆ ಒಂಬತ್ತು ಸಲ. ಕ್ಯಾಮೆರಾದ ಹಿಡಿ ತಿರುಗಿಸುತ್ತಿದ್ದವನು ಎಲ್ಜಿನ್ ಲೆಸ್ಲಿ. ಒಂದು ಸುತ್ತಿನ ವೇಗ ಹೆಚ್ಚುಕಮ್ಮಿಯಾದರೂ ಒಂಬತ್ತು ಜನರ ತಾಳ ತಪ್ಪುತ್ತದೆ. ತಪ್ಪಿಲ್ಲ. 'ಶೆರ್ಲಾಕ್ ಜೂನಿಯರ್'ನಲ್ಲಿ (1924) ಪ್ರೊಜೆಕ್ಟರ್ ನಡೆಸುವ ಹುಡುಗ ನಿದ್ದೆಯಲ್ಲಿ ನಡೆದುಹೋಗಿ ಪರದೆಯೊಳಕ್ಕೆ ಕಾಲಿಡುತ್ತಾನೆ. ಅವನು ನಿಂತೇ ಇರುತ್ತಾನೆ, ಹಿಂದಿನ ಜಾಗ ಬದಲಾಗುತ್ತ ಹೋಗುತ್ತದೆ. ಬೆಂಚಿನ ಮೇಲೆ ಕೂರಲು ಬಗ್ಗಿದರೆ ಬೆಂಚು ಮಾಯ, ನಡುರಸ್ತೆ. ಸಮುದ್ರಕ್ಕೆ ಹಾರಿದರೆ ಬೀಳುವುದು ಹಿಮದ ರಾಶಿಗೆ. ಪ್ರತಿ ಜಾಗದಲ್ಲೂ ಕ್ಯಾಮೆರಾಕ್ಕೂ ಅವನಿಗೂ ನಡುವಿನ ದೂರವನ್ನು ಅಳತೆ ಪಟ್ಟಿ, ಸರ್ವೆ ಉಪಕರಣ ಹಿಡಿದು ಕೂದಲೆಳೆಯಷ್ಟೂ ತಪ್ಪದಂತೆ ಅಳೆದು ಮಾಡಿದ ಕೆಲಸವದು. ಆಗಿನ ಕ್ಯಾಮೆರಾಮನ್‌ಗಳು ಅದು ಹೇಗೆ ಮಾಡಿದ್ದೆಂದು ತಿಳಿಯಲು ಮತ್ತೆ ಮತ್ತೆ ಟಿಕೆಟ್ ಕೊಂಡರಂತೆ.

ನನ್ನ ಮಟ್ಟಿಗೆ ಎಲ್ಲಕ್ಕೂ ಮೇಲಿನದು 'ದಿ ಜನರಲ್' (1926). ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1862ರಲ್ಲಿ, ಉತ್ತರದ ಗೂಢಚಾರರು ದಕ್ಷಿಣದವರ ರೈಲು ಎಂಜಿನ್ ಕದ್ದೋಡಿದ ನಿಜ ಘಟನೆ ಇದಕ್ಕೆ ಮೂಲ. ಹಳೆಯ ಕಾಲದ ಹಳಿ ಬೇಕೆಂದು ಆರಿಗನ್ ರಾಜ್ಯದ ಕಾಟೇಜ್ ಗ್ರೋವ್ ಎಂಬ ಊರಿಗೆ ಇಡೀ ತಂಡ ಹೊರಟಿತು. ಅದರಲ್ಲೊಂದು ಪುಟ್ಟ ದೃಶ್ಯ. ಪ್ರೀತಿಸಿದವಳು ಬೈದು ಹೋಗಿದ್ದಾಳೆ. ಎಂಜಿನ್ ಡ್ರೈವರ್ ಕೀಟನ್ ಬಂದು ಗಾಲಿಗಳನ್ನು ಜೋಡಿಸುವ ಉಕ್ಕಿನ ತೋಳಿನ ಮೇಲೆ ಪೆಚ್ಚುಮೋರೆ ಹಾಕಿ ಕೂರುತ್ತಾನೆ. ಎಂಜಿನ್ ಮೆಲ್ಲನೆ ಹೊರಡುತ್ತದೆ. ತೋಳು ಮೇಲೇಳುತ್ತದೆ, ಕೆಳಗಿಳಿಯುತ್ತದೆ, ಅದರೊಂದಿಗೆ ಅವನೂ. ಚಿಂತೆಯಲ್ಲಿ ಮುಳುಗಿದವನಿಗೆ ಅದರ ಅರಿವೇ ಇಲ್ಲ. ಎಂಜಿನ್ ಶೆಡ್ಡಿನೊಳಗೆ ಹೋಗುವ ಕೊನೆಯ ಗಳಿಗೆಯಲ್ಲಿ ಕಣ್ಣು ಬಿಡುತ್ತಾನೆ. ನೋಡಲು ತೊಟ್ಟಿಲು ತೂಗಿದಷ್ಟು ಹಗುರ. ಹಬೆ ತುಸು ಹೆಚ್ಚಾಗಿ ಗಾಲಿ ಒಮ್ಮೆ ಗಿರ್ರನೆ ಜಾರಿದ್ದರೆ ಆ ತೋಳು ಅವನನ್ನು ಮುಗಿಸಿಬಿಡುತ್ತಿತ್ತು. ವಿರಹಕ್ಕೆ ಇಷ್ಟು ಚೆಂದದ ಚಿತ್ರ ಸಿನಿಮಾದಲ್ಲಿ ಇನ್ನೊಂದನ್ನು ನಾನು ಕಂಡಿಲ್ಲ.

ಅದೇ ಚಿತ್ರಕ್ಕಾಗಿ 1926ರ ಜುಲೈ 23ರಂದು ಉರಿಯುತ್ತಿರುವ ಮರದ ಸೇತುವೆಯ ಮೇಲೆ ನಿಜವಾದ ಎಂಜಿನ್ ಓಡಿಸಿ, ಸೇತುವೆ ಸಮೇತ ನದಿಗೆ ಕೆಡವಿದರು. ನೋಡಲು ಸುತ್ತಲ ಊರುಗಳಿಂದ ಜಾತ್ರೆಯಂತೆ ಜನ ಸೇರಿದ್ದರು. ಆ ಒಂದು ಹೊಡೆತಕ್ಕೆ ತಗುಲಿದ ಖರ್ಚು 42,000 ಡಾಲರ್. ಮೂಕಿ ಯುಗದ ಅತಿ ದುಬಾರಿ ಶಾಟ್ ಅದು ಎಂದು ಹೇಳುತ್ತಾರೆ. ಮತ್ತೆ ತೆಗೆಯುವ ಮಾತೇ ಇಲ್ಲ. ಎರಡನೆಯ ಮಹಾಯುದ್ಧದಲ್ಲಿ ಗುಜರಿ ಕಬ್ಬಿಣಕ್ಕೆ ಬೆಲೆ ಬರುವ ತನಕ ಆ ಎಂಜಿನ್ ನದಿಯಲ್ಲೇ ಬಿದ್ದಿತ್ತು.

ಚಿತ್ರ ಸೋತಿತು. ವಿಮರ್ಶಕರು ನಗೆಯೇ ಇಲ್ಲವೆಂದರು. ಹಾಕಿದ ದುಡ್ಡು ಬರಲಿಲ್ಲ. ಮುಂದೆ 1989ರಲ್ಲಿ ಅಮೆರಿಕ ಸರ್ಕಾರ ಕಾಪಿಡಬೇಕಾದ ಚಿತ್ರಗಳ ಮೊದಲ ಪಟ್ಟಿ ಮಾಡಿದಾಗ 'ದಿ ಜನರಲ್' ಅದರಲ್ಲಿತ್ತು. ಆದರೆ 1927ರಲ್ಲಿ ಶೆಂಕ್ ಎದುರಿಗಿದ್ದದ್ದು ನಷ್ಟದ ಲೆಕ್ಕ ಮಾತ್ರ. ಸ್ಯಾಕ್ರಮೆಂಟೊದಲ್ಲಿ ಗೋಡೆ ಬೀಳುವ ಹೊತ್ತಿಗೆ ಕೀಟನ್‌ಗೆ ತನ್ನ ಸ್ಟುಡಿಯೊ ಮುಚ್ಚುತ್ತದೆಂಬ ಸುದ್ದಿ ತಲುಪಿತ್ತು ಎಂದು ಅವನ ಜೀವನ ಬರೆದವರು ಹೇಳುತ್ತಾರೆ. ತಾನು ಆಗ ಹುಚ್ಚನಾಗಿದ್ದಿರಬೇಕು, ಇಲ್ಲದಿದ್ದರೆ ಆ ಗೋಡೆಯ ಕೆಳಗೆ ನಿಲ್ಲುತ್ತಿರಲಿಲ್ಲ ಎಂಬರ್ಥದ ಮಾತನ್ನು ಅವನೇ ಮುಂದೆ ಆಡಿದ್ದುಂಟು. ಹಾಗಂತ ಅದನ್ನು ಬರೀ ಹತಾಶೆಯ ಕೆಲಸ ಎನ್ನಲಾಗದು. ಗೋಡೆ ಬೀಳಿಸುವ ಈ ಆಟವನ್ನು 1919ರ 'ಬ್ಯಾಕ್ ಸ್ಟೇಜ್'ನಲ್ಲಿ ಆರ್ಬಕಲ್ ಜೊತೆ, 1920ರ 'ಒನ್ ವೀಕ್'ನಲ್ಲಿ ತಾನೊಬ್ಬನೇ, ಹಗುರ ಗೋಡೆಗಳಲ್ಲಿ ಆಗಲೇ ಪಳಗಿಸಿಕೊಂಡಿದ್ದ. ಸಾವಿಗೆ ಮೈಯೊಡ್ಡುವವನು ಕಿಟಕಿಯ ಅಳತೆ ತೆಗೆದುಕೊಂಡು ಕೂರುವುದಿಲ್ಲ.

ಇನ್ನು ಆ ಕರಾರಿನ ವಿಷಯ. ಚಾಪ್ಲಿನ್ ತನ್ನ ಚಿತ್ರಗಳಿಗೆ ತಾನೇ ಒಡೆಯ. ಆ ಕಾಲದ ಇನ್ನೊಬ್ಬ ಹಾಸ್ಯನಟ ಹೆರಾಲ್ಡ್ ಲಾಯ್ಡ್ ಕೂಡ ಹಾಗೇ. ಕೀಟನ್‌ಗೆ ಸಂಬಳ ಬರುತ್ತಿತ್ತು, ಲಾಭದಲ್ಲಿ ಪಾಲು ಬರುತ್ತಿತ್ತು, ಒಡೆತನ ಇರಲಿಲ್ಲ. ಅವನ ಹೆಸರಿನ ಕಂಪನಿ ಅವನದಾಗಿರಲಿಲ್ಲ. ಶೆಂಕ್ ಬೇರೆ ಯಾರೂ ಅಲ್ಲ, ಷಡ್ಡಕ. ಕೀಟನ್‌ನ ಹೆಂಡತಿ ನಟಾಲಿ ಟಾಲ್ಮಡ್ಜ್‌ಳ ಅಕ್ಕ, ಹೆಸರಾಂತ ತಾರೆ ನಾರ್ಮಾಳ ಗಂಡ. ಮನೆಯವರ ನಡುವೆ ಕಾಗದ ಪತ್ರ ಯಾಕೆ ಎಂದುಕೊಂಡನೋ ಏನೋ. ಶೆಂಕ್ ಸ್ಟುಡಿಯೊ ಮುಚ್ಚಿ, ಕೀಟನ್‌ನನ್ನು ಎಂಜಿಎಂ ಎಂಬ ದೈತ್ಯ ಕಂಪನಿಗೆ ಸಾಗಹಾಕಿದ. ಬೇಡವೆಂದು ಚಾಪ್ಲಿನ್ ಹೇಳಿದ, ಲಾಯ್ಡ್ ಹೇಳಿದ. 1928ರ ಜನವರಿಯಲ್ಲಿ ಕೀಟನ್ ರುಜು ಹಾಕಿದ. ವಾರಕ್ಕೆ 3,000 ಡಾಲರ್. ಜೀವಮಾನದಲ್ಲೇ ದೊಡ್ಡ ತಪ್ಪು ಅದೆಂದು ಮುಂದೆ ಆತ್ಮಕಥೆಯಲ್ಲಿ ಅವನೇ ಬರೆದುಕೊಂಡ.

ಎಂಜಿಎಂನಲ್ಲಿ ಎಲ್ಲವೂ ಇಲಾಖೆ. ಕಥೆಗೊಂದು ಇಲಾಖೆ, ಉಡುಪಿಗೊಂದು, ಬಜೆಟ್ಟಿಗೊಂದು. ಬೇಸ್‌ಬಾಲಿಗೆ ಇಲಾಖೆ ಇರಲಿಲ್ಲ. ಮೊದಲ ಚಿತ್ರ 'ದಿ ಕ್ಯಾಮೆರಾಮನ್'ನಲ್ಲಿ ಜಗಳವಾಡಿ ತನ್ನ ದಾರಿಯಲ್ಲೇ ನಡೆದ. ಅದು ಚೆನ್ನಾಗಿಯೇ ಬಂತು. ಆಮೇಲೆ ಕಂಪನಿ ಬಿಗಿ ಹಿಡಿಯಿತು. ಟಾಕಿ ಬಂದಾಗ ತೊಂದರೆ ಅವನ ದನಿಯದ್ದಾಗಿರಲಿಲ್ಲ. ಹಾಲಿನ ಹಲ್ಲಿನ ವಯಸ್ಸಿನಿಂದ ಸಾವಿರ ಜನರ ಸಭೆಗೆ ಕೇಳುವಂತೆ ಮಾತಾಡಿದವನು ಅವನು. ತೊಂದರೆ ಬಂದದ್ದು ಬರೆದುಕೊಟ್ಟ ಪೆದ್ದು ಸಂಭಾಷಣೆಯಿಂದ. ಮೂಕಿಯ ಕೀಟನ್ ಬುದ್ಧಿವಂತ, ಲೋಕವೇ ಮಗುಚಿಕೊಂಡರೂ ದಾರಿ ಹುಡುಕುವವನು. ಟಾಕಿಯ ಕೀಟನ್‌ನನ್ನು ಅವರು ಎಡವುವ ಬೆಪ್ಪನನ್ನಾಗಿ ಮಾಡಿಟ್ಟರು. ಡಬ್ಬಿಂಗ್ ಇನ್ನೂ ಬೇರೂರದ ಕಾಲವಾದ್ದರಿಂದ ಒಂದೇ ದೃಶ್ಯವನ್ನು ಇಂಗ್ಲಿಷಿನಲ್ಲಿ ಮುಗಿಸಿ, ಸ್ಪ್ಯಾನಿಷ್, ಫ್ರೆಂಚ್, ಜರ್ಮನ್‌ಗಳಲ್ಲೂ, ಅರ್ಥ ತಿಳಿಯದ ಮಾತುಗಳನ್ನು ಉರು ಹೊಡೆದು ಒಪ್ಪಿಸಬೇಕಿತ್ತು. ವಿಚಿತ್ರವೆಂದರೆ ಈ ಸಪ್ಪೆ ಚಿತ್ರಗಳೇ ಅವನ ಮೂಕಿಗಳಿಗಿಂತ ಹೆಚ್ಚು ಗಳಿಸಿದವು. ಹಾಗಿರುವಾಗ ಕಂಪನಿ ಯಾಕೆ ಅವನ ಮಾತು ಕೇಳೀತು?

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಕುಡಿತ ಏರಿತು. 1932ರಲ್ಲಿ ನಟಾಲಿ ವಿಚ್ಛೇದನ ಪಡೆದಳು. ಬೆವರ್ಲಿ ಹಿಲ್ಸ್‌ನ ಬಂಗಲೆ ಹೋಯಿತು. ಇಬ್ಬರು ಗಂಡುಮಕ್ಕಳ ಹೆಸರಿನಿಂದ ಕೀಟನ್ ಎಂಬುದನ್ನು ತೆಗೆದು ಟಾಲ್ಮಡ್ಜ್ ಎಂದು ಸೇರಿಸಲಾಯಿತು. 1933ರಲ್ಲಿ ಎಂಜಿಎಂ ಕೆಲಸದಿಂದ ಕಿತ್ತುಹಾಕಿತು. ಅದೇ ಕಾಲದಲ್ಲಾದ ಎರಡನೆಯ ಮದುವೆಯೂ ಮುರಿದುಬಿತ್ತು. ಆಸ್ಪತ್ರೆಯಲ್ಲಿ ಕೈಕಟ್ಟಿ ಮಲಗಿಸುವ ಸ್ಥಿತಿಯೂ ಬಂತು. ಕೆಲವು ವರ್ಷ ಕಳೆದು ಅದೇ ಎಂಜಿಎಂಗೆ ವಾರಕ್ಕೆ 100 ಡಾಲರಿಗೆ ಮರಳಿದ, ಬೇರೆ ಹಾಸ್ಯನಟರಿಗೆ ನಗೆಯ ಪಟ್ಟು ಹೇಳಿಕೊಡಲು. ಪರದೆಯ ಮೇಲೆ ಅವನ ಹೆಸರು ಬರುತ್ತಿರಲಿಲ್ಲ.

ಸಿದ್ಧ ಕಥೆ ಇಲ್ಲಿಗೆ ನಿಲ್ಲುತ್ತದೆ. ಕೀಟನ್ ನಿಲ್ಲಲಿಲ್ಲ. 1940ರಲ್ಲಿ ಎಲೀನರ್ ನಾರಿಸ್ ಎಂಬ ನರ್ತಕಿಯನ್ನು ಮದುವೆಯಾದ. ಆಕೆಗೆ ಇಪ್ಪತ್ತೊಂದು, ಅವನಿಗೆ ನಲವತ್ತನಾಲ್ಕು. ಗೆಳೆಯರೆಲ್ಲ ಬೇಡವೆಂದರು. ಇಪ್ಪತ್ತೈದು ವರ್ಷಕ್ಕೂ ಮಿಕ್ಕಿದ ಆ ಸಂಸಾರ ಸಾವಿನ ತನಕ ಗಟ್ಟಿಯಾಗಿತ್ತು. ಪ್ಯಾರಿಸಿನ ಮೆದ್ರಾನೊ ಸರ್ಕಸ್ಸಿನಲ್ಲಿ ಐವತ್ತು ದಾಟಿದ ಮೈಯಲ್ಲಿ ಮತ್ತೆ ಬೀಳುವ ಆಟ ಆಡಿ ಚಪ್ಪಾಳೆ ಗಿಟ್ಟಿಸಿದ. 1949ರಲ್ಲಿ 'ಲೈಫ್' ಪತ್ರಿಕೆಯಲ್ಲಿ ಜೇಮ್ಸ್ ಏಜಿ ಮೂಕಿ ಕಾಲದ ಹಾಸ್ಯನಟರ ಬಗ್ಗೆ ದೀರ್ಘ ಲೇಖನ ಬರೆದ. ಜನಕ್ಕೆ ಈ ಹೆಸರು ಮತ್ತೆ ನೆನಪಾಯಿತು. ಟಿವಿ ಕರೆಯಿತು. 1952ರ 'ಲೈಮ್‌ಲೈಟ್'ನಲ್ಲಿ ಚಾಪ್ಲಿನ್ ಜೊತೆ ಒಂದೇ ರಂಗದ ಮೇಲೆ ಕಾಣಿಸಿಕೊಂಡ. ಇಬ್ಬರೂ ಒಟ್ಟಿಗೆ ನಟಿಸಿದ ಚಿತ್ರ ಅದೊಂದೇ.

ಅವನ ಹಳೆಯ ಮೂಕಿ ಚಿತ್ರಗಳು ಮತ್ತೆ ಸಿಕ್ಕ ಕಥೆಯಂತೂ ಅವನೇ ಹೆಣೆದ ಹಾಸ್ಯದಂತಿದೆ. ಅವನು ಕಳೆದುಕೊಂಡ ಬಂಗಲೆಯನ್ನು ಮುಂದೆ ಬ್ರಿಟಿಷ್ ನಟ ಜೇಮ್ಸ್ ಮೇಸನ್ ಕೊಂಡಿದ್ದ. ಹಿತ್ತಿಲ ಕೋಣೆಯ ಮೂಲೆಯಲ್ಲಿ ಮೇಸನ್‌ಗೆ ಫಿಲ್ಮ್ ಡಬ್ಬಿಗಳು ಸಿಕ್ಕವು. ಆ ಕಾಲದ ಫಿಲ್ಮು ಕೊಳೆಯುತ್ತದೆ, ತಾನಾಗಿ ಹೊತ್ತಿಕೊಳ್ಳುವುದೂ ಉಂಟು. ಅದಕ್ಕೆ ಮೊದಲೇ ಅವು ಕಾಪಿಡುವವರ ಕೈ ಸೇರಿದವು. ರೇಮಂಡ್ ರೋಹವರ್ ಎಂಬ ವಿತರಕ ಉಳಿದ ಪ್ರತಿಗಳನ್ನು ಹುಡುಕಿ ತೆಗೆದು ದೇಶದೇಶಗಳಲ್ಲಿ ತೋರಿಸಿದ. 1960ರಲ್ಲಿ ಗೌರವ ಆಸ್ಕರ್ ಬಂತು. 1965ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು, ಬಹಳ ಹೊತ್ತು. ಅದೇ ವರ್ಷ ನಾಟಕಕಾರ ಬೆಕೆಟ್ ಬರೆದ 'ಫಿಲ್ಮ್' ಎಂಬ ಪುಟ್ಟ ಚಿತ್ರದಲ್ಲೂ ಕಾಣಿಸಿಕೊಂಡ. ಅದರಲ್ಲಿ ಕ್ಯಾಮೆರಾ ಕೊನೆಯವರೆಗೆ ಬೆನ್ನ ಹಿಂದೆಯೇ ಇರುತ್ತದೆ. ಆ ಮುಖವನ್ನು ಬಚ್ಚಿಡುವ ಯೋಚನೆ ಬೆಕೆಟ್‌ಗೆ ಯಾಕೆ ಬಂತೋ ನಾನರಿಯೆ. ಚಿತ್ರ ನನಗೆ ಹಿಡಿಸಲಿಲ್ಲ.

1966ರ ಫೆಬ್ರವರಿ 1ರಂದು ಲಾಸ್ ಏಂಜಲೀಸಿನ ವುಡ್‌ಲ್ಯಾಂಡ್ ಹಿಲ್ಸ್‌ನ ತನ್ನ ಮನೆಯಲ್ಲಿ ತೀರಿಕೊಂಡ. ಶ್ವಾಸಕೋಶದ ಕ್ಯಾನ್ಸರ್. ಖಾಯಿಲೆ ಏನೆಂದು ಅವನಿಗೆ ಹೇಳಿರಲಿಲ್ಲ.

ಓದುಗರಲ್ಲಿ ಒಂದು ಮಾತು. ಕೀಟನ್‌ನ ಒಳ್ಳೆಯ ಚಿತ್ರಗಳೆಲ್ಲ ಈಗ ಹಕ್ಕುಸ್ವಾಮ್ಯದ ಹಂಗಿಲ್ಲದೆ ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. 'ಶೆರ್ಲಾಕ್ ಜೂನಿಯರ್'ನಿಂದ ಶುರು ಮಾಡಿ, ಮುಕ್ಕಾಲು ಗಂಟೆಯ ಚಿತ್ರ. ಯಾರೋ ಅಂಟಿಸಿದ ಪಿಯಾನೊ ಕಿರಿಕಿರಿಯಾದರೆ ಸದ್ದು ತೆಗೆದು ನೋಡಿ. ಅದರಲ್ಲಿ ಕೀಟನ್ ಗೂಡ್ಸ್ ರೈಲಿನ ಮೇಲೆ ಓಡುತ್ತ ಬಂದು, ಎಂಜಿನ್‌ಗೆ ನೀರು ತುಂಬುವ ದೊಡ್ಡ ಕೊಳವೆಗೆ ಜೋತುಬೀಳುತ್ತಾನೆ. ಕೊಳವೆ ಕೆಳಗಿಳಿದು ನೀರು ಧುಮ್ಮಿಕ್ಕುತ್ತದೆ, ಆ ರಭಸಕ್ಕೆ ಹಳಿಯ ಮೇಲೆ ಬೀಳುತ್ತಾನೆ, ಎದ್ದು ಓಡುತ್ತಾನೆ. ಅಂದು ಅವನಿಗೆ ವಿಪರೀತ ತಲೆನೋವು ಬಂದಿತ್ತು. ಎಷ್ಟೋ ವರ್ಷದ ಮೇಲೆ ಬೇರಾವುದೋ ಕಾರಣಕ್ಕೆ ತೆಗೆದ ಎಕ್ಸ್‌ರೇ ನೋಡಿದ ವೈದ್ಯರು, ನಿಮ್ಮ ಕತ್ತು ಯಾವಾಗ ಮುರಿದಿತ್ತು ಎಂದು ಕೇಳಿದರು. ಚಿತ್ರದಲ್ಲಿರುವುದು ಅದೇ ಶಾಟ್.